ವೈರಕ್ಕನ ವಾರಗಿತ್ತಿ

ಆ ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ವೈರಕ್ಕ ಎಂದು. ಮೈಕಿನ ವೈರು ಕಟ್ಟುವ, ರಿಪೇರಿ ಮಾಡುವ ಅಕ್ಕ, ಹಾಗಾಗಿ ವೈರಕ್ಕ. ಆದರೆ ಎದುರಂಗಡಿಯ ಟೈಲರು ಬಾಯಿ ಸುಮ್ಮನಿರದ ಮನುಷ್ಯ. ಆ ಹೆಸರಿನಲ್ಲಿರುವುದು ತಂತಿಯ ವೈರೋ ಹಗೆತನದ ವೈರವೋ ಎಂಬುದನ್ನು ಆಯಾ ದಿನದ ಮುಖ ನೋಡಿ ತಿಳಿದುಕೊಳ್ಳಬೇಕು ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ. ಮೊದಲೆಲ್ಲ ಆ ಮಾತಿಗೆ ವೈರಕ್ಕನೂ ನಗುತ್ತಿದ್ದಳು. ಮನೆಗೆ ವಾರಗಿತ್ತಿ ಬಂದ ಮೇಲೆ ನಗುವುದನ್ನು ಬಿಟ್ಟಳು.

ಅವಳ ಗಂಡನದ್ದು ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹತ್ತಿದರೆ ಗಣಗಣ ಎನ್ನುವ ಕಬ್ಬಿಣದ ಮೆಟ್ಟಿಲು. ಗಂಡ ವ್ಯಾನು ಓಡಿಸಿ ಸ್ಪೀಕರು ಇಳಿಸುತ್ತಿದ್ದ, ಮೈದುನ ಧ್ವನಿ ಹೊಂದಿಸುವ ಮಿಕ್ಸರಿನ ಗುಂಡಿಗಳ ಮುಂದೆ ಕೂರುತ್ತಿದ್ದ. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಸಂಘದ ಸಭೆಯಿರಲಿ, ಕಾರ್ಯಕ್ರಮ ಮುಗಿಸಿ ಬಂದಾಗ ಒಂದೆರಡು ವೈರು ಸತ್ತೇ ಬರುತ್ತಿದ್ದವು. ಜನ ತುಳಿಯುತ್ತಾರೆ, ಕುರ್ಚಿ ಎಳೆಯುತ್ತಾರೆ, ಭಾಷಣದವರು ಆವೇಶ ಬಂದಾಗ ಮೈಕನ್ನೇ ಜಗ್ಗುತ್ತಾರೆ. ಹೀಗೆ ಸತ್ತ ವೈರುಗಳನ್ನು ಮೊದಲು ಒಬ್ಬ ರೇಡಿಯೋ ರಿಪೇರಿಯವನಿಗೆ ಕೊಡುತ್ತಿದ್ದರು. ಅವನ ಬಾಯಲ್ಲಿ ನಾಳೆ ಎಂಬ ಪದ ಬಿಟ್ಟು ಬೇರೆ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ವೈರಕ್ಕ ಒಂದು ದಿನ ಬೇಸರಕ್ಕೆ ಒಂದು ವೈರಿನ ತುದಿಯನ್ನು ತಿರುಗಿಸಿ ಬಿಚ್ಚಿ ನೋಡಿದಳು. ಒಳಗೆ ಇದ್ದದ್ದು ಮೂರೇ ಎಳೆ. ಮೇಲೆ ಬಲೆಯಂತೆ ಸುತ್ತಿಕೊಂಡಿದ್ದ ತಾಮ್ರ ಒಂದು, ಕೆಂಪು ಒಂದು, ಬಿಳಿ ಒಂದು. ಜಡೆ ಹೆಣೆಯುವುದಕ್ಕೂ ಮೂರೇ ಎಳೆಯಲ್ಲವೇ, ಅದು ಬರುವವಳಿಗೆ ಇದು ಬಾರದೇ ಎಂದುಕೊಂಡಳು.

ಬಂತು, ಆದರೆ ಸುಲಭಕ್ಕೆ ಬರಲಿಲ್ಲ. ಬೆಸುಗೆ ಹಾಕುವ ಕಾದ ಕಡ್ಡಿಯಿಂದ ಬೆರಳು ಸುಟ್ಟುಕೊಂಡಳು, ಸೆರಗು ಸುಟ್ಟುಕೊಂಡಳು. ಬಲೆಯ ತಾಮ್ರ ಮೊದಲ ಪಿನ್ನಿಗೆ, ಕೆಂಪು ಎರಡನೆಯದಕ್ಕೆ, ಬಿಳಿ ಮೂರನೆಯದಕ್ಕೆ ಎಂಬುದು ತಲೆಗೆ ಹತ್ತುವವರೆಗೆ ಅವಳು ಕಟ್ಟಿದ ವೈರುಗಳೆಲ್ಲ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಎನ್ನುತ್ತಿದ್ದವು. ಬರಬರುತ್ತಾ ಕೈ ಪಳಗಿತು. ಕೆಟ್ಟ ವೈರನ್ನು ಸ್ಪೀಕರಿಗೆ ಸಿಕ್ಕಿಸಿ, ಸದ್ದು ಸಣ್ಣಗಿಟ್ಟು, ಒಂದು ತುದಿಯಿಂದ ಗೇಣು ಗೇಣಾಗಿ ಬಗ್ಗಿಸುತ್ತಾ ಹೋಗುವಳು. ಎಲ್ಲಿ ಕರಕರ ಎನ್ನುವುದೋ ಅಲ್ಲಿ ಉಗುರು ಒತ್ತಿ, ಇಲ್ಲಿ ಕತ್ತರಿಸಿ ಎನ್ನುವಳು. ಕತ್ತರಿಸಿದರೆ ಎಳೆ ಅಲ್ಲಿಯೇ ತುಂಡಾಗಿರುತ್ತಿತ್ತು. ಕಿಟಕಿಯ ಪಕ್ಕದ ಉದ್ದ ಮೇಜು ಅವಳದೇ ರಾಜ್ಯವಾಯಿತು. ಅತ್ತೆ ಕೂಡ ಆ ಮೇಜಿನ ಮೇಲೆ ಸೊಪ್ಪು ಬಿಡಿಸಲು ಒಪ್ಪಿಗೆ ಕೇಳಬೇಕಿತ್ತು.

ಹೀಗಿರುವಾಗ ಮೈದುನನಿಗೆ, ಸ್ವಲ್ಪ ತಡವಾಗಿಯೇ, ಮದುವೆಯಾಯಿತು. ಬಂದ ಹುಡುಗಿ ಮೊದಲು ಕಿವಿಯ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವಳು. ಭೂತಗನ್ನಡಿಯ ಕೆಳಗೆ ಸಾಸಿವೆಯಷ್ಟು ಭಾಗಗಳಿಗೆ ಬೆಸುಗೆ ಹಾಕಿ ರೂಢಿ. ಮನೆಯವರು ಅವಳನ್ನು ಚಿಕ್ಕವಳು ಎನ್ನತೊಡಗಿದರು, ಆ ಹೆಸರೇ ನಿಂತಿತು. ಕೆಲವು ದಿನ ಸುಮ್ಮನೆ ನೋಡಿ, ಆಮೇಲೆ ಒಂದು ಮಧ್ಯಾಹ್ನ ಮೇಜಿನ ಹತ್ತಿರ ಬಂದು ನಿಂತು, ಅಕ್ಕ, ನಾನೂ ಒಂದು ಕಟ್ಟಲಾ ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವೈರಕ್ಕ ದೊಡ್ಡ ಮನಸ್ಸು ಮಾಡಿದವಳಂತೆ ಸರಿದು ಜಾಗ ಕೊಟ್ಟಳು. ತಾನು ಹೇಳಿಕೊಡಬಹುದು, ಇವಳು ಹೂಂ ಹೂಂ ಎಂದು ಕೇಳಬಹುದು ಎಂಬ ಆಸೆ ಒಳಗಿತ್ತು.

ಚಿಕ್ಕವಳು ಏನನ್ನೂ ಕೇಳಲಿಲ್ಲ. ತಾಮ್ರದ ಬಲೆಯನ್ನು ಬಿಡಿಸಿ, ಬಾಚಿದ ಕೂದಲಿನಂತೆ ಒಂದೇ ಎಳೆ ಮಾಡಿ ಹೊಸೆದಳು. ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಪಿನ್ನಿಗೆ ಮುಟ್ಟಿಸಿ, ಎರಡು ಉಸಿರು ತಾಳಿ, ಬೆಸುಗೆಯ ತಂತಿ ತಾಗಿಸಿದಳು. ಅಷ್ಟೇ. ಪಾದರಸದ ಹನಿ ಬಂದು ಕೂತಂತೆ ಬೆಸುಗೆ ಹೊಳೆಯಿತು. ವೈರಕ್ಕನ ಬೆಸುಗೆಗಳು ಗಟ್ಟಿಯೇನೋ ಹೌದು, ಆದರೆ ಅಗಿದು ಅಂಟಿಸಿದ ಚೂಯಿಂಗ್ ಗಮ್ಮಿನ ಹಾಗಿರುತ್ತಿದ್ದವು. ಇಷ್ಟು ವರ್ಷ ಪಕ್ಕದಲ್ಲಿಟ್ಟು ನೋಡಲು ಬೇರೊಂದು ಇರಲಿಲ್ಲವಾಗಿ ಅದು ಅವಳಿಗೆ ತಿಳಿದಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಎದೆಯೊಳಗೆ ಏನೋ ಚುರ್ ಎಂದಿತು. ಕಡ್ಡಿ ಮುಟ್ಟಿದಾಗ ಬೆರಳು ಸುಡುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಇನ್ನೊಂದು ಕಡೆಯಿಂದಲೂ ಕಿಚ್ಚು ಹತ್ತಿತು. ಚಿಕ್ಕವಳು ವೈರು ಸುತ್ತುವ ರೀತಿಯೇ ಬೇರೆ. ವೈರಕ್ಕ ಹೆಬ್ಬೆರಳು ಮೊಣಕೈಗೆ ಹಾಕಿ ಹಗ್ಗ ಸುತ್ತಿದಂತೆ ಸುತ್ತುವಳು. ಇವಳು ಕೈಯಲ್ಲೇ ಒಂದು ಸುತ್ತು ಹೊರಗೆ, ಒಂದು ಸುತ್ತು ಒಳಗೆ ಎಂದು ಮಡಿಸಿಡುವಳು. ತುದಿ ಹಿಡಿದು ಎಸೆದರೆ ಎಲ್ಲೂ ಗಂಟಿಲ್ಲದೆ ನೀರು ಹರಿದಂತೆ ಹರಿಯುತ್ತಿತ್ತು. ಮೈದುನ ಅದನ್ನು ಎಸೆದು ಎಸೆದು ಅಣ್ಣನಿಗೆ ತೋರಿಸಿದ. ಅಣ್ಣನೂ ಎಸೆದು ನೋಡಿದ. ಮನೆಯ ಗಂಡಸರಿಬ್ಬರೂ ಪಡಸಾಲೆಯಲ್ಲಿ ವೈರು ಎಸೆದು ಆಡುತ್ತಿದ್ದರೆ ವೈರಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಂದು ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಯಾರು ಕಟ್ಟಿದ್ದು ಎಂದು ತಿಳಿಯಲಿ, ಕೆಟ್ಟರೆ ಅವರವರದ್ದು ಅವರವರ ಮುಂದೆ ಇಡಬಹುದು ಎಂದು ಗಂಡ ಇಬ್ಬರಿಗೂ ಬಣ್ಣದ ಟೇಪು ತಂದುಕೊಟ್ಟ. ವೈರಕ್ಕನಿಗೆ ಕೆಂಪು, ಚಿಕ್ಕವಳಿಗೆ ಹಳದಿ. ಪಾಪ, ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಬೆಂಕಿಗೂ ಬಣ್ಣ ಬೇಕಿತ್ತೇನೋ. ಕೆಲವೇ ತಿಂಗಳಲ್ಲಿ ನಾಟಕದವರು ಬಂದು ಹಳದಿಯದನ್ನೇ ಕೊಡಿ ಎನ್ನತೊಡಗಿದರು. ಅತ್ತೆಗೆ ವೈರಿನ ತಲೆಬುಡ ಗೊತ್ತಿರದಿದ್ದರೂ, ಚಿಕ್ಕವಳ ಕೆಲಸ ನೋಡಲು ಆಭರಣದಂತಿದೆ ಎಂದು ನೆರೆಯವರಿಗೆ ಹೇಳಿದರು. ತನ್ನ ಕೆಲಸವನ್ನು ಅತ್ತೆ ಇದುವರೆಗೆ ಯಾವುದಕ್ಕೆ ಹೋಲಿಸಿದ್ದಾರೆ ಎಂದು ವೈರಕ್ಕ ಬಹಳ ಹೊತ್ತು ಯೋಚಿಸಿದಳು. ಯಾವುದಕ್ಕೂ ಇಲ್ಲ.

ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರೆ. ವೈರಕ್ಕ ಕಲ್ಲು ಹುಡುಕಿದಳು. ಚಿಕ್ಕವಳು ಇಲ್ಲದ ಹೊತ್ತು ನೋಡಿ ಹಳದಿ ಟೇಪಿನ ತುದಿಗಳನ್ನು ಒಂದೊಂದಾಗಿ ಬಿಚ್ಚಿದಳು. ಒಳಗೆ ಮೂರು ಹನಿ, ಮೂರಕ್ಕೂ ಅಂಗಿಯ ತೋಳಿನಂತೆ ಪುಟ್ಟ ಪ್ಲಾಸ್ಟಿಕ್ ಕೊಳವೆ, ಎಳೆಗಳಿಗೆ ಕೊಂಚ ಸಡಿಲು, ಹಿಂದೆ ವೈರಿನ ದಪ್ಪ ಸಿಪ್ಪೆಯನ್ನು ಕಚ್ಚಿ ಹಿಡಿದ ಕ್ಲಿಪ್ಪು. ಕಲ್ಲೆಲ್ಲಿ, ಒಂದು ಮರಳಿನ ಕಣವೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ನೆಮ್ಮದಿಯಿರುತ್ತಿತ್ತು. ಕಾರ್ಖಾನೆಯ ಕೈ, ಅದಕ್ಕೆ ಬುದ್ಧಿ ಬೇಕಿಲ್ಲ, ರೂಢಿ ಸಾಕು ಎಂದು ಗಂಡನ ಹತ್ತಿರ ಹೇಳಿ ನೋಡಿದಳು. ಗಂಡ ಹೌದೌದು ಎಂದ. ಅವನು ಎಲ್ಲದಕ್ಕೂ ಹಾಗೇ ಎನ್ನುವವನು, ಅದರಿಂದ ಹೊಟ್ಟೆ ತಣ್ಣಗಾಗಲಿಲ್ಲ. ಒಳ್ಳೆಯ ಬೆಸುಗೆ ತಂತಿಯ ಉಂಡೆಯನ್ನು ತನ್ನ ಕಡೆಯ ಡ್ರಾಯರಿಗೆ ಸೇರಿಸಿ, ಹಳೆಯ ಉಂಡೆಯನ್ನು ಅವಳ ಕಡೆಗಿಟ್ಟಳು. ಚಿಕ್ಕವಳ ಬೆಸುಗೆ ಅದರಲ್ಲೂ ಹೊಳೆಯಿತು.

ಆಗ ಸಂಗೀತ ಶಾಲೆಯ ಟೀಚರಮ್ಮ ಬಂದರು. ತಮ್ಮದೇ ಸಣ್ಣ ಸಭಾಂಗಣ ಮಾಡಿಕೊಂಡಿದ್ದರು, ಅದಕ್ಕೆ ಹೊಸ ವೈರುಗಳು ಬೇಕಿದ್ದವು. ಕನ್ನಡಕ ಮೇಲೇರಿಸಿ, ಹಳದಿಯವೇ ಆಗಬೇಕು ಎಂದರು. ವೈರಕ್ಕ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಟೀಚರಮ್ಮನಿಗೆ ಕೆಂಪು ಯಾರದ್ದು ಎಂದು ಗೊತ್ತಿರಲಿಲ್ಲವಾಗಿ ಆಕೆ ನಗುತ್ತಲೇ ಹೇಳಿದ್ದರು. ಅದೇ ಹೆಚ್ಚು ನಾಟಿತು.

ಇವರು ಕೇಳುತ್ತಿರುವುದು ವೈರನ್ನಲ್ಲ, ಟೇಪನ್ನು ಎಂದು ವೈರಕ್ಕನಿಗೆ ಹೊಳೆದದ್ದು ಆಗ. ಹೆಸರಾದ ಅಂಗಡಿಯ ಕವರಿನಲ್ಲಿ ಹಾಕಿಕೊಟ್ಟರೆ ಹಳಸಿದ್ದೂ ರುಚಿಯೇ. ಇದನ್ನು ತೋರಿಸಿಕೊಡಬೇಕು ಎನಿಸಿತು. ಚಿಕ್ಕವಳು ಟೀಚರಮ್ಮನ ವೈರುಗಳನ್ನು ಕಟ್ಟಿ ಮುಗಿಸಿ, ಹಲ್ಲುನೋವೆಂದು ಗೋಳಾಡುತ್ತಿದ್ದ ಅತ್ತೆಯನ್ನು ದಂತವೈದ್ಯರ ಬಳಿಗೆ ಕರೆದೊಯ್ದ ಮಧ್ಯಾಹ್ನ, ವೈರಕ್ಕ ಬಾಗಿಲು ಮುಂದೆ ಮಾಡಿ ಕೂತಳು. ಆ ವೈರುಗಳ ಹಳದಿಯನ್ನು ಉಗುರಿನಿಂದ ಸುಲಿದಳು, ಕೆಂಪು ಸುತ್ತಿದಳು. ತಾನು ಹೊಸದಾಗಿ ಕಟ್ಟಿಟ್ಟ ಅಷ್ಟೇ ವೈರುಗಳಿಗೆ ಹಳದಿ ಸುತ್ತಿ ಟೀಚರಮ್ಮನ ಪೆಟ್ಟಿಗೆಗೆ ಹಾಕಿದಳು. ಟೀಚರಮ್ಮ ಬಂದು ಹೊಗಳಲಿ, ಮನೆಯವರೆಲ್ಲ ತಲೆದೂಗಲಿ, ಆಗ ಎಲ್ಲರೆದುರು ಟೇಪು ಕಿತ್ತು, ಇದು ಯಾರ ಕೈ ನೋಡಿ ಎನ್ನಬೇಕು. ಆ ಮಾತನ್ನು ಹೇಗೆ ಹೇಳಬೇಕೆಂದು ಪಲ್ಯಕ್ಕೆ ಹೆಚ್ಚುತ್ತಾ ಹಲವು ಬಗೆಯಲ್ಲಿ ಹೇಳಿಕೊಂಡು ನೋಡಿದ್ದಳು.

ಟೀಚರಮ್ಮನ ಫೋನು ಬಂದೇ ಬಂತು. ಗಂಡ ಫೋನಿನ ಸದ್ದು ಜೋರು ಮಾಡಿ ಎಲ್ಲರಿಗೂ ಕೇಳಿಸಿದ. ಒಂದು ಗುಂಯ್ ಇಲ್ಲ, ಒಂದು ಕರಕರ ಇಲ್ಲ, ಗಾಳಿ ಬೀಸಿದಷ್ಟು ಶುದ್ಧ, ಹಳದಿ ಎಂದರೆ ಹಳದಿಯೇ ಎಂದರು ಟೀಚರಮ್ಮ. ಅತ್ತೆ ಚಿಕ್ಕವಳ ಬೆನ್ನು ತಟ್ಟಿದರು. ಮೈದುನ ಎದೆ ಉಬ್ಬಿಸಿದ. ಈಗ ಹೇಳಬೇಕಿತ್ತು. ವೈರಕ್ಕ ಬಾಯಿ ತೆರೆದಳು. ತೆರೆದ ಮೇಲೆ ಗೊತ್ತಾಯಿತು, ಇದು ನನ್ನ ಕೈ ಎಂದರೆ ಅದರ ಬೆನ್ನಿಗೇ ಟೇಪು ಸುಲಿದ ಉಗುರೂ ನನ್ನದೇ ಎನ್ನಬೇಕಾಗುತ್ತದೆ. ಚಿಕ್ಕವಳೋ ಅವಳನ್ನೇ ನೋಡುತ್ತಿದ್ದಳು, ತುಟಿಯಲ್ಲಿ ಸಣ್ಣ ನಗು. ವೈರಕ್ಕ ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದಳು. ಬಿಸಿತುಪ್ಪ ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕೆಂಪು ಸುತ್ತಿಕೊಂಡಿದ್ದ ಚಿಕ್ಕವಳ ವೈರುಗಳು ಅಂಗಡಿಯಲ್ಲೇ ಉಳಿದು ಕಾರ್ಯಕ್ರಮಗಳಿಗೆ ಹೋಗಿಬರುತ್ತಿದ್ದವು. ಒಂದು ಸಂಜೆ ಗಂಡ ಪಕ್ಕದಲ್ಲಿ ಕೂತು, ತುಂಬಾ ಪ್ರೀತಿಯಿಂದಲೇ, ಹೇಳಿದ:

"ಈಚೆಗೆ ನಿನ್ನ ಕೆಂಪಿನ ವೈರೂ ಚೆನ್ನಾಗಿ ಬರ್ತಿವೆ ಕಣೆ. ಅವಳ ಪಕ್ಕ ಕೂತಿದ್ದಕ್ಕೆ ನೀನೂ ಒಂದಿಷ್ಟು ಕಲ್ತೆ ನೋಡು."

ತನ್ನ ಕೆಲಸಕ್ಕೆ ಬಂದ ಹೊಗಳಿಕೆ ಚಿಕ್ಕವಳಿಗೆ ಹೋಯಿತು. ಅವಳ ಕೆಲಸಕ್ಕೆ ಬಂದ ಹೊಗಳಿಕೆಯೂ ಅವಳಿಗೇ ಹೋಯಿತು. ತಾನೇ ತೋಡಿದ ಹಳ್ಳ, ಅದರಲ್ಲಿ ತಾನು ಒಂದೇ ಸಲವಲ್ಲ, ಎರಡು ಸಲ ಬಿದ್ದಿದ್ದಳು. ಟೀಚರಮ್ಮನ ಸಭಾಂಗಣದಲ್ಲಿ ಹಳದಿ ತೊಟ್ಟು ಮೆರೆಯುತ್ತಿದ್ದ ತನ್ನದೇ ವೈರುಗಳ ಮೇಲೆ ವೈರಕ್ಕನಿಗೆ ಹೊಟ್ಟೆಕಿಚ್ಚಾಯಿತು. ಲೋಕದಲ್ಲಿ ಯಾರಿಗಾದರೂ ತಮ್ಮ ಕೈಯ ಮೇಲೇ ಹೀಗೆ ಅಸೂಯೆ ಹುಟ್ಟಿದ್ದುಂಟೋ ಇಲ್ಲವೋ.

ಕೆಲವು ವಾರ ಹಾಗೇ ಕಳೆದವು. ಆಮೇಲೆ ಟೀಚರಮ್ಮ ಮತ್ತೆ ಬಂದರು, ಈ ಸಲ ನಗುತ್ತಿರಲಿಲ್ಲ. ಶಿಷ್ಯೆಯೊಬ್ಬಳು ಮೊದಲ ಬಾರಿಗೆ ಜನರೆದುರು ಹಾಡುತ್ತಿದ್ದಾಗ ಮೈಕು ಕೆಮ್ಮತೊಡಗಿತಂತೆ. ಹಾಡು ಮೇಲಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಧ್ವನಿಯೇ ಹೋಯಿತಂತೆ. ಹುಡುಗಿ ಅಳುತ್ತಾ ಇಳಿದು ಹೋದಳಂತೆ. ವೈರನ್ನು ಮೇಜಿನ ಮೇಲಿಟ್ಟು, ನಿಮ್ಮ ಹಳದಿಯನ್ನು ನಂಬಿದ್ದಕ್ಕೆ ಇದಾ ಫಲ ಎಂದು ಕೇಳಿದರು. ಮೈದುನ ಮುಜುಗರಪಟ್ಟು ಹೆಂಡತಿಯ ಕಡೆ ತಿರುಗಿದ. ಇಷ್ಟು ಅಜಾಗರೂಕಳಾದರೆ ಹೇಗೆ ಎಂದು ಎಲ್ಲರೆದುರೇ ಗದರಿದ.

ಚಿಕ್ಕವಳು ತುದಿ ಬಿಚ್ಚಿದಳು. ವೈರಕ್ಕನಿಗೆ ನಿಂತಲ್ಲಿಂದಲೇ ಕಂಡಿತು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಆದರೆ ಸಿಪ್ಪೆಯನ್ನು ಹೆಚ್ಚು ಸುಲಿದದ್ದರಿಂದ ಕ್ಲಿಪ್ಪು ಹೊರಗಿನ ದಪ್ಪ ಸಿಪ್ಪೆಯನ್ನು ಬಿಟ್ಟು ಒಳಗಿನ ಬಡಪಾಯಿ ಎಳೆಗಳನ್ನು ಕಚ್ಚಿತ್ತು. ಜಗ್ಗಿ ಜಗ್ಗಿ ಕೆಂಪು ಎಳೆ ಹರಿದಿತ್ತು. ಈ ಕೆಲಸ ಯಾರದ್ದೆಂದು ಬೆಸುಗೆಯ ಮುದ್ದೆಗಳೇ ಕೂಗಿ ಹೇಳುವಂತಿದ್ದವು. ಚಿಕ್ಕವಳು ಅದನ್ನು ನೋಡಿದಳು, ತಲೆಯೆತ್ತಿ ವೈರಕ್ಕನನ್ನು ನೋಡಿದಳು.

"ನನ್ನ ಕೈ ತಪ್ಪಿದೆ ಟೀಚರ್. ಎಲ್ಲಾ ವೈರೂ ವಾಪಸ್ ಕಳ್ಸಿ, ಮತ್ತೆ ಕಟ್ಕೊಡ್ತೀನಿ," ಎಂದಳು.

ವೈರಕ್ಕನಿಗೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು, ಅದಕ್ಕಿಂತ ಹೆಚ್ಚಾಗಿ, ಮೈಯೆಲ್ಲ ಉರಿಯಿತು. ಬೆಸುಗೆಯಲ್ಲಿ ಮೀರಿಸಿದ್ದು ಸಾಲದೆಂದು ಇವಳು ಈಗ ಒಳ್ಳೆಯತನದಲ್ಲೂ ಮೀರಿಸುತ್ತಿದ್ದಾಳೆ. ಕೆಟ್ಟವಳಾಗಲು ಕೂಡ ತನಗೆ ಜಾಗ ಬಿಡುತ್ತಿಲ್ಲ. ಟೀಚರಮ್ಮ ಹೋಗಿ, ಗಂಡಸರು ವ್ಯಾನಿಗೆ ಸ್ಪೀಕರು ಹೇರಲು ಇಳಿದ ಮೇಲೆ ವೈರಕ್ಕ ಚಿಕ್ಕವಳ ಎದುರಿಗೆ ಹೋಗಿ ನಿಂತಳು.

"ಯಾಕೆ ಹಾಗಂದೆ? ಅದು ನಿಂದಲ್ಲ ಅಂತ ನಿಂಗೆ ಗೊತ್ತು."

"ಗೊತ್ತು. ಟೇಪು ಬದ್ಲಾಯಿಸಿದ ದಿನವೇ ಗೊತ್ತಿತ್ತು. ಪೆಟ್ಟಿಗೆಲಿದ್ದ ವೈರಿನ ಸುತ್ತು ನೋಡಿದ್ರೆ ಸಾಕಲ್ವಾ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಚಿಕ್ಕವಳು ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು.

"ಒಳ್ಳೇತನಕ್ಕೆ ಅಂದ್ಕೋಬೇಡಿ ಅಕ್ಕ. ನೀವು ಒದ್ದಾಡೋದು ನೋಡಿ ಖುಷಿಯಾಗ್ತಿತ್ತು, ಅದಕ್ಕೆ ಹೇಳ್ಲಿಲ್ಲ. ಇವತ್ತು ತಪ್ಪು ಒಪ್ಕೊಂಡಿದ್ದೂ ಅಷ್ಟೇ. ಇನ್ಮೇಲೆ ನೀವು ನನ್ನ ಮುಂದೆ ತಲೆ ಎತ್ತಬಾರ್ದು ಅಂತ."

ವೈರಕ್ಕ ಕುರ್ಚಿ ಎಳೆದು ಕೂತಳು. ಇಂಥ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ಆದರೆ ಕೇಳಿದ ಮೇಲೆ ಎದೆಯ ಮೇಲಿನ ಭಾರ ಒಂದು ಹಿಡಿಯಷ್ಟು ಇಳಿದ ಹಾಗಾಯಿತು. ಎದುರಿಗಿರುವವಳೂ ತನ್ನಷ್ಟೇ ಕೆಟ್ಟವಳು.

"ನನ್ನ ಮೇಲೆ ನಿಂಗೇನೇ ಅಷ್ಟು ಸಿಟ್ಟು? ಎಲ್ಲಾರೂ ನಿನ್ನೇ ಹೊತ್ಕೊಂಡು ಕುಣೀತಾರೆ."

ಆಗ ಚಿಕ್ಕವಳು ಹೇಳಿದ್ದು ಬಹಳವಿತ್ತು. ಎಲ್ಲರೂ ಹೊಗಳುವುದು ಹಳದಿಯನ್ನು, ಹಳದಿಯ ಹೆಸರೇನು ಎಂದು ಒಬ್ಬರೂ ಕೇಳಿಲ್ಲ. ಕಾರ್ಖಾನೆಯಲ್ಲಿ ತಾನೊಂದು ನಂಬರು, ಇಲ್ಲಿ ಒಂದು ಟೇಪು. ಬೀದಿಯಲ್ಲಿ ಹಾದುಹೋಗುವವರೂ ತಲೆಯೆತ್ತಿ ವೈರಕ್ಕ ಇದ್ದಾರಾ ಎನ್ನುತ್ತಾರೆ. ಅತ್ತೆ ಹೊಗಳುವುದು ತನ್ನನ್ನು, ವೈದ್ಯರ ಬಳಿಗೆ ತಾನೇ ಕರೆದೊಯ್ದರೂ ನೋವಾದಾಗ ಕೂಗುವುದು ದೊಡ್ಡವಳನ್ನು. ಇಷ್ಟನ್ನೂ ವೈರಕ್ಕ ಒಂದು ಕಿವಿಯಿಂದ ಕೇಳಿದಳು. ಕೊನೆಯಲ್ಲಿ ಬಂದ ಮಾತಿಗೆ ಮಾತ್ರ ಎರಡೂ ಕಿವಿ ನೆಟ್ಟಗಾದವು.

"ಹೊಸದು ಯಾರಾದ್ರೂ ಕಟ್ತಾರೆ ಅಕ್ಕ. ಕೆಟ್ಟಿದ್ದು ಎಲ್ಲಿ ಕೆಟ್ಟಿದೆ ಅಂತ ನೀವು ಬೆರಳಲ್ಲೇ ಹೇಳ್ತೀರಲ್ಲ, ಅದು ನಂಗೆ ಬರಲ್ಲ. ನೀವು ಮಲಗಿರೋವಾಗ ಹಳೇ ವೈರು ತಗೊಂಡು ಎಷ್ಟೋ ಸಲ ಬಗ್ಗಿಸಿ ನೋಡಿದೀನಿ. ಒಂದ್ಸಲನೂ ಸಿಕ್ಕಿಲ್ಲ."

ತನ್ನ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಈ ಹುಡುಗಿ ಕದ್ದು ತನ್ನ ವಿದ್ಯೆಯನ್ನು ತಡಕಾಡುತ್ತಿದ್ದಳು ಎಂಬ ಚಿತ್ರ ವೈರಕ್ಕನಿಗೆ ಕಣ್ಣಿಗೆ ಕಟ್ಟಿತು. ಅದೆಷ್ಟು ಹಿತವೆನಿಸಿತೆಂದರೆ, ಅಷ್ಟು ಹಿತವೆನಿಸಿದ್ದಕ್ಕೆ ಅವಳಿಗೇ ಅಸಹ್ಯವಾಯಿತು. ಕ್ಷಮಿಸು ಎನ್ನಲು ನಾಲಿಗೆ ಏಳಲಿಲ್ಲ. ಕೆಟ್ಟ ವೈರೊಂದನ್ನು ಬುಟ್ಟಿಯಿಂದ ಎಳೆದು ಅವಳ ಮುಂದಿಟ್ಟು, "ನೀನು ಬೇಗ ಬೇಗ ಬಗ್ಗಿಸ್ತೀಯ, ಅದಕ್ಕೆ ಸಿಗಲ್ಲ," ಎಂದಳು, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು, ಟೀಚರಮ್ಮನ ವೈರು ಕಟ್ಟಿದ್ದು ತಾನು, ಟೇಪು ಬದಲಿಸಿದ್ದೂ ತಾನು ಎಂದು ಹೇಳಿದಳು. ಹೇಳುವಾಗ ತಟ್ಟೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಮನೆ ಹೊತ್ತಿ ಉರಿಯುತ್ತದೆ ಎಂದುಕೊಂಡಿದ್ದಳು. ಗಂಡ ಇನ್ನೊಂದು ತುತ್ತು ಬಾಯಿಗಿಟ್ಟು, ಯಾರದಾದರೇನು, ಟೀಚರಮ್ಮನ ಭಾನುವಾರದ ಕಾರ್ಯಕ್ರಮದೊಳಗೆ ಸರಿಯಾದರೆ ಸಾಕು ಎಂದ. ಮೈದುನ ಮಾತ್ರ ಹೆಂಡತಿಯ ಮುಖ ನೋಡಿ, ನೋಡಲಾರದೆ, ನೀರು ಕುಡಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು:

"ನಿಮ್ಮಿಬ್ಬರ ಹೊಟ್ಟೆಯೊಳಗೆ ಒಂದು ಮೈಕು ಇಟ್ಟಿದ್ರೆ ಇಡೀ ಊರಿಗೆ ನಿದ್ದೆ ಬರ್ತಿರ್ಲಿಲ್ಲ."

ಟೀಚರಮ್ಮನ ಮನೆಗೆ ವೈರಕ್ಕ ತಾನೇ ಹೋಗಿ ಬಂದಳು. ಅತ್ತಿದ್ದ ಹುಡುಗಿಯೇ ಬಾಗಿಲು ತೆಗೆದಳು. ಏನು ಹೇಳಬೇಕೋ ತಿಳಿಯದೆ ವೈರಕ್ಕ ಅವಳ ತಲೆ ಸವರಿ, ಮುಂದಿನ ಸಲ ನೀನು ಹಾಡುವಾಗ ನಾನೇ ವೈರಿನ ಪಕ್ಕ ಕೂತಿರುತ್ತೇನೆ ಎಂದಳು. ಹಾಗೆಯೇ ಕೂತಳು ಕೂಡ. ಹುಡುಗಿ ಹಾಡಿ ಮುಗಿಸುವವರೆಗೆ ವೈರಿನ ತುದಿಯಿಂದ ಕೈ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಹೊಸ ವೈರು ಕಟ್ಟುವುದು ಚಿಕ್ಕವಳ ಪಾಲಿಗೆ, ಕೆಟ್ಟದ್ದನ್ನು ಹುಡುಕುವುದು ವೈರಕ್ಕನ ಪಾಲಿಗೆ ಎಂದಾಯಿತು. ಇದರಿಂದ ಅಸೂಯೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಚಿಕ್ಕವಳಿಗೆ ಅವಳ ಗಂಡ ಹೊಸ ದೀಪ ತಂದರೆ ವೈರಕ್ಕನ ಕಡೆ ಬೆಳಕು ಸಾಲದಾಗುತ್ತಿತ್ತು. ವೈರಕ್ಕ ಮುರಿದ ಜಾಗವನ್ನು ಒಂದೇ ಸಲಕ್ಕೆ ಹಿಡಿದರೆ ಚಿಕ್ಕವಳು ಕೆಮ್ಮುತ್ತಿದ್ದಳು. ಆದರೆ ಈಗ ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. ನಿನ್ನ ಮೇಲೆ ಇವತ್ತು ನನಗೆ ಬಹಳ ಹೊಟ್ಟೆ ಉರೀತಿದೆ ಕಣೆ ಎಂದು ವೈರಕ್ಕ ಹೇಳಿದರೆ, ಹಾಗಾದರೆ ಟೀ ನಾನೇ ಮಾಡುತ್ತೇನೆ ಅಕ್ಕ ಎಂದು ಚಿಕ್ಕವಳು ಏಳುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ಕೆಲಸ ಬೆಳೆದು, ಮೈದುನ ಊರಿನ ಇನ್ನೊಂದು ತುದಿಯಲ್ಲಿ ಎರಡನೆಯ ಅಂಗಡಿ ತೆರೆದ. ಅವನೂ ಚಿಕ್ಕವಳೂ ಅಲ್ಲೇ ಮನೆ ಮಾಡಿದರು. ಉದ್ದ ಮೇಜು ಮತ್ತೆ ಪೂರ್ತಿ ವೈರಕ್ಕನದಾಯಿತು. ಮೊದಲ ದಿನ ಅವಳು ಸಾಮಾನುಗಳನ್ನೆಲ್ಲ ಆ ಕೊನೆಯಿಂದ ಈ ಕೊನೆಗೆ ಹರಡಿ ಕೂತಳು. ಎರಡು ದಿನದಲ್ಲಿ ಅವು ತಾವಾಗಿಯೇ ಮೊದಲಿನ ಅರ್ಧಕ್ಕೆ ಸರಿದುಕೊಂಡಿದ್ದವು.

ಒಂದು ಬೆಳಿಗ್ಗೆ ಚಿಕ್ಕವಳು ಫೋನು ಮಾಡಿದಳು. ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಕೈಗೆ ಕೆಲಸ ಹೆಚ್ಚಾಯಿತೆಂದು ಪಕ್ಕದ ಮನೆಯ ಹೆಂಗಸನ್ನು ಜೊತೆಗೆ ಕೂರಿಸಿಕೊಂಡಿದ್ದೇನೆ, ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ ಎಂದಳು. ಆಮೇಲೆ ಸ್ವರ ತಗ್ಗಿಸಿ, ಆ ಹೆಂಗಸಿನ ಕೈ ಎಷ್ಟು ಚೆನ್ನಾಗಿದೆಯೆಂದರೆ ನೋಡಿ ಕಲಿಯಬೇಕು, ಮಾತೂ ಹಾಗೇ, ದಿನ ಹೋಗುವುದೇ ಗೊತ್ತಾಗುವುದಿಲ್ಲ ಎಂದಳು. ವೈರಕ್ಕ ಹೂಂ ಎಂದಳು. ಇನ್ನೊಮ್ಮೆ ಹೂಂ ಎಂದಳು. ಫೋನು ಇಟ್ಟ ಮೇಲೆ ಕಡ್ಡಿಯ ಪ್ಲಗ್ಗು ಕಿತ್ತು, ಕನ್ನಡಿಯ ಮುಂದೆ ನಿಂತು ಕೂದಲು ಸರಿ ಮಾಡಿಕೊಂಡಳು.

ಎಲ್ಲಿಗೆ ಹೊರಟೆ ಎಂದು ಅತ್ತೆ ಕೇಳಿದರು. ಚಿಕ್ಕವಳ ಅಂಗಡಿಗೆ, ಅಲ್ಲಿ ಯಾರೋ ಹೊಸಬರು ಬಂದು ಕೂತಿದ್ದಾರಂತೆ ಎಂದು ಹೇಳಿ ವೈರಕ್ಕ ಚಪ್ಪಲಿ ಮೆಟ್ಟಿದಳು. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ, ಆಟೋ ಹಿಡಿದಳು.